ಎರೆಮಣ್ಣಿನ ರಸ್ತೆಗೆ ಗುಡ್ಡದ ಗರಸೇ ಏಕೆ? – ಸುಣ್ಣ, ಬೂದಿಗಳ ಒಂದು ಲೆಕ್ಕಾಚಾರ

(ಗುಡ್ಡಗಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆಯ ಮೇಲಿರುವವರಿಗೆ ಬಯಲಿನ ಎರೆಮಣ್ಣಿನ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಎರೆಭೂಮಿ ಇರುವುದು ಗದಗ, ಧಾರವಾಡ, ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆ. ಗುಡ್ಡದ ನೆಲ ಕೆಂಪು, ಜಂಬಿಟ್ಟಿಗೆಯದು. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಬಾಯಿ ಬಿಡುವುದಿಲ್ಲ. ಆದರೆ ಎರೆಮಣ್ಣಿನ ಮೇಲೆ ಹಾಕಿದ ರಸ್ತೆ ನಿಲ್ಲುವುದಿಲ್ಲವೆಂಬ ಕಾರಣಕ್ಕೆ ಜೆಸಿಬಿ ಬಂದು ನಿಲ್ಲುವುದು ಗುಡ್ಡದ ಬುಡದಲ್ಲಿ. ಬಯಲಿನ ಮಣ್ಣಿನ ದೋಷಕ್ಕೆ ಗುಡ್ಡ ದಂಡ ತೆರುತ್ತದೆ. ಗೊಡವೆ ಇರುವುದು ಅಲ್ಲಿಯೇ.

ದಂಡದ ಮೊತ್ತ ಎಷ್ಟೆಂಬುದನ್ನು ಮೊದಲು ಲೆಕ್ಕ ಹಾಕಬಹುದು. ಸಾಮಾನ್ಯ ಹಳ್ಳಿರಸ್ತೆಯ ಮಣ್ಣಿನ ಪೀಠದ ಅಗಲ 7.5 ಮೀಟರ್ ಎಂದು ಹಿಡಿಯಬಹುದು. ಎರೆಮಣ್ಣನ್ನು ಅರ್ಧ ಮೀಟರ್ ಆಳಕ್ಕೆ ತೆಗೆದುಹಾಕಿ ಆ ಜಾಗಕ್ಕೆ ಗರಸು ತುಂಬುವುದು ರೂಢಿಯಲ್ಲಿರುವ ಉಪಾಯ. ಒಂದು ಕಿಲೋಮೀಟರಿಗೆ 3,750 ಘನ ಮೀಟರ್ ಗರಸು ಬೇಕಾಯಿತು. 10 ಘನ ಮೀಟರ್ ಹಿಡಿಯುವ ಟಿಪ್ಪರಿನಲ್ಲಿ 375 ಲೋಡು. ಅಗೆದ ಮಣ್ಣು ಸಡಿಲಗೊಂಡು ಹಿಗ್ಗುವುದರಿಂದ ನಿಜವಾದ ಲೋಡುಗಳು ಇನ್ನೂ ಹೆಚ್ಚು. ಗುಡ್ಡದಲ್ಲಿ ಗರಸಿನ ಪದರ ಎರಡು ಮೀಟರ್ ದಪ್ಪವಿದೆಯೆಂದರೆ ಸುಮಾರು 18 ಗುಂಟೆ ಜಾಗ ಬೋಳಾಗುತ್ತದೆ. ಇದು ಒಂದು ಕಿಲೋಮೀಟರಿನ ಮಾತು. ಬಯಲಿನ ತಾಲ್ಲೂಕೊಂದರಲ್ಲಿ ಹಳ್ಳಿರಸ್ತೆ ಎಷ್ಟು ಕಿಲೋಮೀಟರ್ ಇರಬಹುದೆಂಬುದನ್ನು ಕೇಳುಗರೇ ಊಹಿಸಿಕೊಳ್ಳಲಿ.

ಗರಸು ಹೋದ ಮೇಲೆ ಉಳಿಯುವುದೇನು? ಮಳೆಯ ನೀರನ್ನು ಹೀರಿ ಒರತೆಗೆ ಇಳಿಸುತ್ತಿದ್ದ ಪದರವೇ ಹೋಗಿರುತ್ತದೆ. ಜಂಬಿಟ್ಟಿಗೆಯ ಸೀಮೆಯಲ್ಲಾದರೆ ಅದರಡಿಯ ಮೆತ್ತನೆಯ ಶೇಡಿಮಣ್ಣು ಬಯಲಿಗೆ ಬೀಳುತ್ತದೆ. ಮೇಲಿನ ಗಟ್ಟಿ ಹೊದಿಕೆ ಇರುವವರೆಗೆ ಮಾತ್ರ ಶೇಡಿ ಸುಮ್ಮನಿರುತ್ತದೆ. ಹೊದಿಕೆ ಹೋದರೆ ಮೊದಲ ಮಳೆಗಾಲದಲ್ಲಿಯೇ ಕೊರೆದು ಹರಿಯುತ್ತದೆ.

ಹಾಗಾದರೆ ಎರೆಮಣ್ಣನ್ನು ಕಿತ್ತುಹಾಕದೆ, ಇದ್ದಲ್ಲಿಯೇ ಪಳಗಿಸಲು ಸಾಧ್ಯವಿಲ್ಲವೇ? ಸಾಧ್ಯವಿದೆ. ಸುಣ್ಣ ಬೆರೆಸಿ, ಭತ್ತದ ಹೊಟ್ಟಿನ ಬೂದಿ ಬೆರೆಸಿ, ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಬೆರೆಸಿ ಹಿಗ್ಗುವ ಮಣ್ಣನ್ನು ಸ್ಥಿರಗೊಳಿಸುವ ವಿದ್ಯೆ ಹಲವು ದಶಕಗಳಿಂದ ಬಳಕೆಯಲ್ಲಿದೆ. ಆದರೆ ಗುಡ್ಡ ಉಳಿಯುತ್ತದೆಂಬ ಸಂತೋಷದಲ್ಲಿ ಇವೆಲ್ಲವನ್ನೂ ಒಂದೇ ಸಮನೆ ಹೊಗಳಿದರೆ ತಪ್ಪಾದೀತು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಮಣ್ಣಿನ ಸ್ವಭಾವ. ಎರೆಮಣ್ಣಿನ ಜೀವಾಳವಾಗಿರುವ ಜೇಡಿಖನಿಜದ ಹೆಸರು ಮಾಂಟ್‌ಮೊರಿಲೊನೈಟ್. ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಪದರಗಳು ಪೇರಿಸಿಟ್ಟ ಅಡಿಕೆ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಪದರ ಪದರಗಳ ನಡುವಿನ ಹಿಡಿತ ಬಹಳ ದುರ್ಬಲ. ಪ್ರತಿ ಪದರವೂ ಋಣ ವಿದ್ಯುದಂಶವನ್ನು ಹೊತ್ತಿರುವುದರಿಂದ ಸೋಡಿಯಂ, ಕ್ಯಾಲ್ಸಿಯಂಗಳಂತಹ ಧನ ಅಯಾನುಗಳು ಅವುಗಳ ನಡುವೆ ಬಂದು ನೆಲೆಸುತ್ತವೆ. ಆ ಅಯಾನುಗಳ ಸುತ್ತ ನೀರು ನುಗ್ಗುತ್ತದೆ. ಪದರಗಳು ದೂರ ಸರಿಯುತ್ತವೆ. ಮಣ್ಣು ಹಿಗ್ಗುವುದೆಂದರೆ ಇದೇ. ಒಣಗಿದಾಗ ನೀರು ಹೊರಟು ಪದರಗಳು ಮತ್ತೆ ಹತ್ತಿರವಾಗಿ ನೆಲ ಬಿರಿಯುತ್ತದೆ. ಈ ಖನಿಜದ ಒಂದೇ ಒಂದು ಗ್ರಾಂ ಪುಡಿಯ ಎಲ್ಲ ಪದರಗಳನ್ನೂ ಬಿಡಿಸಿ ಹಾಸಿದರೆ ಸುಮಾರು 800 ಚದರ ಮೀಟರ್, ಅಂದರೆ ಎಂಟು ಗುಂಟೆ ನೆಲವನ್ನು ಮುಚ್ಚಬಲ್ಲದು! ಗುಡ್ಡದ ಕೆಂಪುಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಜೇಡಿಗೆ ಈ ಅಳತೆ 10ರಿಂದ 20 ಚದರ ಮೀಟರ್, ಒಂದು ಕೋಣೆಯಷ್ಟು. ಅದರ ಪದರಗಳು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನಡುವೆ ನೀರಿಗೆ ದಾರಿಯಿಲ್ಲ. ಗುತ್ತಿಗೆದಾರರಿಗೆ ಗುಡ್ಡದ ಮಣ್ಣಿನ ಮೇಲಿರುವ ಮೋಹದ ಮೂಲ ಇಷ್ಟೇ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ಅನ್ಯಾಯ. ಹಿಗ್ಗುವುದು ಕುಗ್ಗುವುದು ಎಂಜಿನಿಯರನ ಪಾಲಿಗೆ ದೋಷ. ರೈತನ ಪಾಲಿಗೆ ಅದು ಎರೆಯ ಗುಣ. ಬೇಸಿಗೆಯ ಬಿರುಕುಗಳಲ್ಲಿ ಮೇಲ್ಮಣ್ಣು ಉದುರಿ ಆಳಕ್ಕೆ ಇಳಿಯುತ್ತದೆ, ಮಳೆಗೆ ನೆಲ ಉಬ್ಬಿ ಆಳದ ಮಣ್ಣು ಮೇಲಕ್ಕೆ ಬರುತ್ತದೆ. ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುವುದರಿಂದಲೇ ಮಣ್ಣುವಿಜ್ಞಾನಿಗಳು ಇದಕ್ಕೆ ವರ್ಟಿಸಾಲ್ ಎಂದು ಹೆಸರಿಟ್ಟರು. ಮುಂಗಾರಿನ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳಕ್ಕೂ ಕಡಲೆಗೂ ಕುಸುಬೆಗೂ ಉಣಿಸುವ ಮಣ್ಣು ಅದು. ಸ್ಥಿರಗೊಳಿಸುವುದೆಂದರೆ ಮಣ್ಣಿನ ಈ ಜೀವಂತಿಕೆಯನ್ನು ಕೊಲ್ಲುವುದು. ಆದುದರಿಂದ ಈ ಕೆಲಸ ರಸ್ತೆಯ ಅಗಲವನ್ನೂ ಮನೆಯ ಪಾಯವನ್ನೂ ದಾಟಿ ಹೊಲಕ್ಕೆ ಒಂದು ಅಡಿಯೂ ಕಾಲಿಡಬಾರದು.

ಎರೆಯ ಕಾಟಕ್ಕೆ ನಮ್ಮ ದೇಶದಲ್ಲಿ ಹಿಂದೆ ಕಂಡುಕೊಂಡ ಪರಿಹಾರಗಳಲ್ಲಿ ಎರಡನ್ನು ಹೇಳಬೇಕು. ಕಟ್ಟಡಗಳಿಗೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ಬುಡದಲ್ಲಿ ಗಡ್ಡೆಯಂತೆ ಅಗಲವಾಗಿರುವ ಕಾಂಕ್ರೀಟ್ ಕಂಬಗಳ ಪಾಯವನ್ನು ರೂಪಿಸಿತು. ತೇವ ಹೆಚ್ಚು ಕಡಿಮೆಯಾಗದ ಆಳಕ್ಕೆ ಕಂಬವನ್ನು ಇಳಿಸಿ ಮೇಲಿನ ಮಣ್ಣು ಏನು ಮಾಡಿದರೂ ಕಟ್ಟಡ ಅಲುಗದಂತೆ ಮಾಡುವ ಉಪಾಯವಿದು. ಕಾಲುವೆಗಳ ಕಥೆ ಬೇರೆ. ಮಲಪ್ರಭಾ ಯೋಜನೆಯ ಕಾಲುವೆಗಳು ಎರೆಭೂಮಿಯಲ್ಲಿ ಹಾದುಹೋಗುವಾಗ ಅವುಗಳ ಹೊದಿಕೆ ನಿಲ್ಲದಾಯಿತು. ಆ ಸಮಸ್ಯೆಗೆ ಮುಂಬಯಿ ಐಐಟಿಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಕಂಡುಕೊಂಡ ಉತ್ತರ, ಎರೆಮಣ್ಣಿನ ಮೇಲೆ ಹಿಗ್ಗದ ಅಂಟುಮಣ್ಣಿನ ಸುಮಾರು ಒಂದು ಮೀಟರ್ ದಪ್ಪದ ಪದರವನ್ನು ಹಾಸುವುದು. ಈ ಪದರ ಇದ್ದರೆ ಅಡಿಯ ಎರೆಮಣ್ಣಿನ ಉಬ್ಬುವಿಕೆ ಅಡಗುತ್ತದೆಂಬುದನ್ನು ಅವರು ಪ್ರಯೋಗಗಳಿಂದ ತೋರಿಸಿದರು. ದೊಡ್ಡ ವಿದ್ವತ್ತಿನ ಕೆಲಸವದು. ಮುಂದೆ ದೇಶದ ಇತರ ಕಾಲುವೆಗಳಿಗೂ ಅದೇ ಮಾದರಿಯಾಯಿತು. ಆದರೆ ಹಿಗ್ಗದ ಅಂಟುಮಣ್ಣು ಎಲ್ಲಿ ಸಿಗುತ್ತದೆ? ಕೆಂಪುಗುಡ್ಡಗಳಲ್ಲಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಮಲೆಯಲ್ಲಿ. ಮಲೆಯ ನೀರು ಬಯಲಿಗೆ ಹರಿಯುವುದು ಪ್ರಕೃತಿಯ ಕ್ರಮ. ಆ ನೀರನ್ನು ಹೊರುವ ಕಾಲುವೆಗಾಗಿ ಪ್ರತಿ ಚದರ ಮೀಟರಿಗೆ ಒಂದು ಘನ ಮೀಟರ್ ಗುಡ್ಡವೂ ಬಯಲಿಗೆ ಇಳಿಯಬೇಕಾಗಿ ಬಂದದ್ದು ಮನುಷ್ಯನ ಯೋಜನೆ.

ಈಗ ಸುಣ್ಣದ ವಿಚಾರ. ಎಲೆ ಅಡಿಕೆ ಹಾಕುವವರಿಗೆಲ್ಲ ಸುಣ್ಣದ ಖಾರ ಗೊತ್ತು. ಸ್ವಲ್ಪ ಹೆಚ್ಚಾದರೆ ನಾಲಿಗೆ ಸುಡುತ್ತದೆ. ಸುಣ್ಣದ ತಿಳಿನೀರಿನ ಕ್ಷಾರಗುಣವನ್ನು ಪಿಎಚ್ ಮಾಪಕದಲ್ಲಿ ಅಳೆದರೆ 12.4 ಬರುತ್ತದೆ. ಈ ಖಾರವೇ ಎರೆಮಣ್ಣನ್ನು ಪಳಗಿಸುವುದು, ಅದೂ ಎರಡು ಹಂತಗಳಲ್ಲಿ. ಅರಳಿದ ಸುಣ್ಣವನ್ನು ಹದವಾದ ಎರೆಮಣ್ಣಿಗೆ ಬೆರೆಸಿದ ಕೆಲವೇ ಗಂಟೆಗಳಲ್ಲಿ ಸುಣ್ಣದ ಕ್ಯಾಲ್ಸಿಯಂ, ಪದರಗಳ ನಡುವಿನ ಸೋಡಿಯಮ್ಮನ್ನು ಹೊರದೂಡಿ ತಾನು ಕೂರುತ್ತದೆ. ಪದರಗಳ ಹಿಡಿತ ಬಿಗಿಯಾಗುತ್ತದೆ. ಅಂಟಂಟಾಗಿ ಗಾಲಿಗೆ ಮೆತ್ತಿಕೊಳ್ಳುತ್ತಿದ್ದ ಮಣ್ಣು ರವೆಯಂತೆ ಉದುರು ಉದುರಾಗುತ್ತದೆ. ಮುಟ್ಟಿ ನೋಡಿದರೇ ತಿಳಿಯುವಷ್ಟು ಸ್ಪಷ್ಟವಾದ ಬದಲಾವಣೆ ಇದು. ಎರಡನೆಯ ಹಂತ ನಿಧಾನದ್ದು. ಆ ತೀವ್ರ ಕ್ಷಾರದಲ್ಲಿ ಜೇಡಿಯೊಳಗಿನ ಸಿಲಿಕ, ಅಲ್ಯುಮಿನಗಳು ಕರಗಿ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಸಿಮೆಂಟಿನಲ್ಲಿ ಆಗುವಂತಹುದೇ ಅಂಟನ್ನು ಕಟ್ಟುತ್ತವೆ. ಇದಕ್ಕೆ ವಾರಗಳು, ತಿಂಗಳುಗಳು ಬೇಕು. ತೇವವೂ ಬೇಕು, ಬೆಚ್ಚನೆಯ ಹವೆಯೂ ಬೇಕು. ಇಂದು ಸುಣ್ಣ ಬೆರೆಸಿ ನಾಳೆ ಡಾಂಬರು ಹಾಕುವ ಅವಸರದ ಕಾಮಗಾರಿಯಲ್ಲಿ ಈ ಎರಡನೆಯ ಫಲ ಪೂರ್ತಿಯಾಗಿ ದಕ್ಕುವುದಿಲ್ಲ.

ಎಷ್ಟು ಸುಣ್ಣ ಬೇಕೆಂಬುದನ್ನು ಊಹಿಸಬೇಕಾಗಿಲ್ಲ. 1966ರಲ್ಲಿ ಅಮೆರಿಕದ ಈಡ್ಸ್ ಮತ್ತು ಗ್ರಿಮ್ ಎಂಬ ವಿಜ್ಞಾನಿಗಳು ಅತ್ಯಂತ ಸರಳವಾದ ಪರೀಕ್ಷೆಯನ್ನು ಕೊಟ್ಟರು. ಮಣ್ಣಿನ ಹಲವು ಸಮಪಾಲುಗಳಿಗೆ ಶೇಕಡಾ 2, 3, 4, 5, 6ರಂತೆ ಸುಣ್ಣ ಬೆರೆಸಿ, ನೀರು ಹಾಕಿ, ಒಂದು ಗಂಟೆ ಕಾಲ ಆಗಾಗ ಕುಲುಕಿ, ಪಿಎಚ್ ನೋಡುವುದು. ಯಾವ ಕನಿಷ್ಠ ಪ್ರಮಾಣದಲ್ಲಿ 12.4 ತಲುಪುತ್ತದೆಯೋ ಅದೇ ಆ ಮಣ್ಣಿನ ಹಸಿವು. ಆ ಹಸಿವು ತೀರದಷ್ಟು ಕಡಿಮೆ ಹಾಕಿದರೆ ಮೊದಲ ಹಂತದಲ್ಲಿಯೇ ಸುಣ್ಣ ಮುಗಿದು ಹೋಗಿ ಎರಡನೆಯದು ನಡೆಯುವುದೇ ಇಲ್ಲ. ಬಹುಪಾಲು ಎರೆಮಣ್ಣುಗಳಿಗೆ ಶೇಕಡಾ 3ರಿಂದ 6ರೊಳಗೆ ಸುಣ್ಣ ಸಾಕಾಗುತ್ತದೆ.

ಹಿಂದಿನ ಅದೇ ಒಂದು ಕಿಲೋಮೀಟರ್ ರಸ್ತೆಗೆ ಹಿಂತಿರುಗಿದರೆ, 30 ಸೆಂಟಿಮೀಟರ್ ಆಳದ ಮಣ್ಣನ್ನು ಸುಣ್ಣದಿಂದ ಪಳಗಿಸುವುದಾದರೆ ಮಣ್ಣಿನ ಗಾತ್ರ 2,250 ಘನ ಮೀಟರ್. ಘನ ಮೀಟರಿಗೆ ಒಂದೂವರೆ ಟನ್ನಿನಂತೆ ತೂಕ ಸುಮಾರು 3,375 ಟನ್. ಶೇಕಡಾ 4ರಂತೆ ಬೇಕಾಗುವ ಅರಳಿದ ಸುಣ್ಣ 135 ಟನ್. 10 ಟನ್ನಿನ ಲಾರಿಯಲ್ಲಿ 14 ಲೋಡು. ಒಂದೆಡೆ ಗರಸಿನ 375 ಲೋಡು, ಇನ್ನೊಂದೆಡೆ ಸುಣ್ಣದ 14 ಲೋಡು. ಗುಡ್ಡದವರು ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೂ ಸಾಕು.

ಆದರೆ ಸುಣ್ಣವೂ ಒಂದು ಗುಡ್ಡದಿಂದಲೇ ಬರುತ್ತದೆ. 135 ಟನ್ ಅರಳಿದ ಸುಣ್ಣಕ್ಕೆ 182 ಟನ್ನಿನಷ್ಟು ಶುದ್ಧ ಸುಣ್ಣದ ಕಲ್ಲನ್ನು ಸುಡಬೇಕು. ಸುಡುವಾಗ ಕಲ್ಲಿನೊಳಗಿಂದಲೇ 80 ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ; ಗೂಡಿನ ಉರುವಲಿನದು ಬೇರೆ. ಇದನ್ನು ಮುಚ್ಚಿಟ್ಟು ಸುಣ್ಣವನ್ನು ಹಸಿರು ಪರಿಹಾರವೆಂದು ಸಾರುವುದು ಸಲ್ಲದು. ಎರಡರ ತೂಕ ನೋಡಿದಾಗಲೂ ಸುಣ್ಣದ ಪಕ್ಷವೇ ವಾಸಿ ಎಂದು ಹೇಳಬಹುದು: 3,750 ಘನ ಮೀಟರ್ ಗರಸೆಂದರೆ ಆರು ಸಾವಿರ ಟನ್ನಿಗೆ ಮೇಲ್ಪಟ್ಟ ಗುಡ್ಡ. ಸುಣ್ಣದಕಲ್ಲಿನ ಅಗೆತ ಅದರ ಮೂವತ್ತನೇ ಒಂದು ಪಾಲು.

ಸುಣ್ಣ ಸೋಲುವ ಸಂದರ್ಭವೂ ಇದೆ. ಮಣ್ಣಿನಲ್ಲಿ ಜಿಪ್ಸಮ್ಮಿನಂತಹ ಸಲ್ಫೇಟು ಹೆಚ್ಚಾಗಿದ್ದರೆ ಸುಣ್ಣ, ಜೇಡಿಯ ಅಲ್ಯುಮಿನ ಮತ್ತು ಸಲ್ಫೇಟು ಮೂರೂ ಸೇರಿ ಎಟ್ರಿಂಗೈಟ್ ಎಂಬ ಹರಳುಗಳಾಗುತ್ತವೆ. ಸೂಜಿಯಾಕಾರದ ಈ ಹರಳುಗಳು ತಮ್ಮೊಳಗೆ ಅಪಾರ ನೀರನ್ನು ತುಂಬಿಕೊಂಡು ಬೆಳೆಯುತ್ತ ರಸ್ತೆಯನ್ನೇ ಎತ್ತಿಬಿಡುತ್ತವೆ. 1970ರ ದಶಕದಲ್ಲಿ ಅಮೆರಿಕದ ಲಾಸ್ ವೇಗಸ್ ನಗರದ ಸ್ಟೀವರ್ಟ್ ಅವೆನ್ಯೂ ಎಂಬ ರಸ್ತೆ ಹೀಗೆಯೇ ಕೆಟ್ಟಿತು. ಹಿಗ್ಗಬಾರದೆಂದು ಹಾಕಿದ ಸುಣ್ಣವೇ ಹಿಗ್ಗಿಗೆ ಕಾರಣವಾದುದು ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಸವುಳು ಹೊಲವನ್ನು ಸರಿಪಡಿಸಲು ಜಿಪ್ಸಂ ಹಾಕುವ ಪದ್ಧತಿ ನಮ್ಮ ರೈತರಿಗೆ ಗೊತ್ತಿದೆ, ಹೊಲಕ್ಕೆ ಅದು ಸರಿ. ಆದರೆ ಸುಣ್ಣ ಬೆರೆಸಿದ ರಸ್ತೆಗೆ ಜಿಪ್ಸಂ ಸೇರಬಾರದು, ಜಿಪ್ಸಂ ಇರುವ ನೆಲದಲ್ಲಿ ಸಲ್ಫೇಟಿನ ಪರೀಕ್ಷೆಯಿಲ್ಲದೆ ಸುಣ್ಣ ಹಾಕಲೂಬಾರದು. ಇದರ ಜೊತೆಗೆ ಒಂದು ಎಚ್ಚರಿಕೆ: ಸುಣ್ಣದ ದೂಳು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಗಾಳಿಯ ದಿನ, ಕನ್ನಡಕವಿಲ್ಲದ ಕೂಲಿಗಳಿಂದ ಚೀಲ ಸುರಿಸುವ ಕಾಮಗಾರಿಯನ್ನು ಕಂಡವರು ಅಲ್ಲಿಯೇ ತಡೆಯಬೇಕು. ಕೆರೆಯ ಅಂಚಿನಲ್ಲಿ ಸುಣ್ಣ ರಾಶಿ ಹಾಕಿದರೆ ಮಳೆ ಬಂದ ದಿನ ಮೀನು ಸಾಯುತ್ತವೆ.

ಸುಣ್ಣದ ಜೊತೆಗೆ ಬೂದಿ ಏಕೆ? ಸುಣ್ಣಕ್ಕೆ ಕೂಡಿಕೊಳ್ಳಲು ಸಿಲಿಕ ಬೇಕು. ಜೇಡಿಯೊಳಗಿನ ಸಿಲಿಕ ನಿಧಾನವಾಗಿ ಬಿಟ್ಟುಕೊಡುತ್ತದೆ, ಬೂದಿಯಲ್ಲಿರುವುದು ಬೇಗ ಸಿಗುತ್ತದೆ. ಇದು ಹೊಸ ಜ್ಞಾನವಲ್ಲ. ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಸುರ್ಕಿ ಗಾರೆ ಮಾಡುತ್ತಿದ್ದವರು ಇದೇ ತತ್ತ್ವವನ್ನು ಬಳಸಿದ್ದರು. ಕನ್ನಂಬಾಡಿ ಕಟ್ಟೆ ಎದ್ದು ನಿಂತದ್ದು ಸಿಮೆಂಟಿನಿಂದಲ್ಲ, ಸುರ್ಕಿ ಗಾರೆಯಿಂದ. ಇಟ್ಟಿಗೆಪುಡಿಯ ಸ್ಥಾನಕ್ಕೆ ಈಗ ಬಂದಿರುವುದು ಭತ್ತದ ಹೊಟ್ಟಿನ ಬೂದಿ. ಭತ್ತದ ಗಿಡ ಮಣ್ಣಿನಿಂದ ಸಿಲಿಕವನ್ನು ಹೀರಿ ಹೊಟ್ಟಿನಲ್ಲಿ ಕೂಡಿಡುತ್ತದೆ. ಹೊಟ್ಟನ್ನು ಚೆನ್ನಾಗಿ ಸುಟ್ಟ ಬೂದಿಯಲ್ಲಿ ಶೇಕಡಾ 85ಕ್ಕೂ ಮಿಕ್ಕಿ ಸಿಲಿಕವಿರುತ್ತದೆ.

ಹೇಗೆ ಸುಟ್ಟರು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರದಂತೆ, ಗಾಳಿ ಸಾಕಷ್ಟು ಸಿಗುವಂತೆ ಸುಟ್ಟರೆ ಸಿಲಿಕ ಹರಳುಗಟ್ಟದೆ ಉಳಿದು ಸುಣ್ಣದೊಡನೆ ಬೇಗ ಕೂಡುತ್ತದೆ. ಅಂತಹ ಬೂದಿ ಬೂದುಬಣ್ಣಕ್ಕಿರುತ್ತದೆ. ಬಯಲಿನಲ್ಲಿ ರಾಶಿ ಹಾಕಿ ಬೆಂಕಿ ಇಟ್ಟರೆ ಕಪ್ಪಗೆ ಉಳಿಯುವುದು ಇದ್ದಿಲಿನ ಅಂಶ, ಅದರಿಂದ ಪ್ರಯೋಜನ ಕಡಿಮೆ. ಅತಿ ಶಾಖದ ಬಾಯ್ಲರಿನಲ್ಲಿ ಬೆಂದರೆ ಸಿಲಿಕ ಹರಳುಗಟ್ಟಿ ಜಡವಾಗುತ್ತದೆ. ಅದರ ದೂಳು ಶ್ವಾಸಕೋಶಕ್ಕೂ ಕೆಡುಕು. ಮನೆಯ ಒಲೆಯ ಬೂದಿ ಆದೀತೇ ಎಂಬ ಸಂದೇಹ ಕೆಲವರಿಗೆ ಬರಬಹುದು. ಆಗದು. ಸೌದೆಯ ಬೂದಿಯಲ್ಲಿ ಸಿಲಿಕಕ್ಕಿಂತ ಪೊಟ್ಯಾಷು, ಸುಣ್ಣಗಳೇ ಪ್ರಧಾನ. ಅದರ ಜಾಗ ತೋಟ. ಮಲೆನಾಡಿನಲ್ಲಿ ರಾಶಿಬಿದ್ದಿರುವ ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆಗಳನ್ನು ಸುಟ್ಟರೂ ಹೊಟ್ಟಿನ ಬೂದಿಯಂತಹ ಬೂದಿ ಬರುವುದಿಲ್ಲ. ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕವಿದೆ, ಆದರೆ ಸುಡದೆ ಉಳಿದ ಇಂಗಾಲವೂ ಇದ್ದು ಲೋಡಿನಿಂದ ಲೋಡಿಗೆ ಗುಣ ಬದಲಾಗುತ್ತದೆ.

ಹೊಟ್ಟಿನ ಬೂದಿ ತಾನಾಗಿಯೇ ಏನನ್ನೂ ಕಟ್ಟದು ಎಂಬುದೂ ನೆನಪಿರಲಿ. ಅದರಲ್ಲಿ ಸುಣ್ಣವಿಲ್ಲ. ಬರಿಯ ಬೂದಿ ಬೆರೆಸಿದರೆ ಜೇಡಿಯ ಪ್ರಮಾಣ ತಗ್ಗಿ ಹಿಗ್ಗು ಸ್ವಲ್ಪ ಕಡಿಮೆಯಾಗುವುದಷ್ಟೇ. ಬಲ ಬರಬೇಕಾದರೆ ಸುಣ್ಣ ಜೊತೆಗಿರಬೇಕು.

ಈಗ ಬೂದಿಯ ಲೆಕ್ಕ. ‘ಕೃಷಿ ತ್ಯಾಜ್ಯದಿಂದ ರಸ್ತೆ’ ಎಂಬ ಮಾತು ಕೇಳಲು ಇಂಪಾಗಿದೆ. ಅದೇ ಒಂದು ಕಿಲೋಮೀಟರ್ ರಸ್ತೆಯ 3,375 ಟನ್ ಮಣ್ಣಿಗೆ ಶೇಕಡಾ 10ರಂತೆ ಬೂದಿ ಹಾಕಿದರೆ 337 ಟನ್ನಿಗೂ ಮೇಲೆ ಬೇಕು. ಹೊಟ್ಟಿನ ತೂಕದಲ್ಲಿ ಐದನೇ ಒಂದು ಪಾಲು ಬೂದಿಯಾಗುವುದರಿಂದ ಹೊಟ್ಟು ಸುಮಾರು 1,690 ಟನ್ ಆಯಿತು. ಭತ್ತದ ತೂಕದಲ್ಲಿ ಐದನೇ ಒಂದು ಪಾಲು ಹೊಟ್ಟು. ಅಂದಮೇಲೆ ಭತ್ತ 8,400 ಟನ್ನಿಗೂ ಮೇಲೆ. ಎಕರೆಗೆ 20 ಕ್ವಿಂಟಲ್ ಇಳುವರಿ ಹಿಡಿದರೆ 4,200 ಎಕರೆ ಗದ್ದೆಯ ಫಸಲು! ಒಂದು ಕಿಲೋಮೀಟರ್ ರಸ್ತೆಗೆ! ಅಕ್ಕಿ ಗಿರಣಿಗಳು ಒತ್ತೊತ್ತಾಗಿರುವ ಗಂಗಾವತಿ, ಸಿಂಧನೂರುಗಳ ಆಸುಪಾಸಿನಲ್ಲಿ ಇದು ನಡೆದೀತು. ಅಲ್ಲಿ ಗಿರಣಿಯ ಬೂದಿ ಗುಡ್ಡೆಗುಡ್ಡೆಯಾಗಿ ಬಿದ್ದು ಗಾಳಿಗೆ ಹಾರಿ ಊರವರ ಎದೆಗೆ ಸೇರುವುದಕ್ಕಿಂತ ರಸ್ತೆಯಡಿಗೆ ಸೇರುವುದು ಮೇಲು. ಆದರೆ ನೂರಾರು ಕಿಲೋಮೀಟರ್ ದೂರಕ್ಕೆ ಹಗುರವಾದ ಬೂದಿಯನ್ನು ಲಾರಿಯಲ್ಲಿ ಸಾಗಿಸಿ ಅದನ್ನು ಪರಿಸರಸ್ನೇಹಿ ಎನ್ನುವುದರಲ್ಲಿ ಅರ್ಥವಿಲ್ಲ.

‘ತ್ಯಾಜ್ಯ’ ಎಂಬ ಪದವನ್ನೇ ಕೊಂಚ ಅನುಮಾನದಿಂದ ನೋಡಬೇಕಾಗಿದೆ. ಕೊಟ್ಟಿಗೆಗೆ ಹಾಸಿ, ಗೊಬ್ಬರದೊಡನೆ ಗದ್ದೆಗೆ ಹಿಂತಿರುಗುವ ಹೊಟ್ಟು ತ್ಯಾಜ್ಯವೇ? ತೋಟಕ್ಕೆ ಮುಚ್ಚಿಗೆಯಾಗುವ ಅಡಿಕೆ ಸಿಪ್ಪೆ ತ್ಯಾಜ್ಯವೇ? ಯಾವುದಕ್ಕೆ ಊರಿನಲ್ಲಿ ಬೇರೆ ಉಪಯೋಗವಿಲ್ಲವೋ, ಬಿಟ್ಟರೆ ಕೇಡು ಮಾಡುತ್ತದೆಯೋ ಅದು ಮಾತ್ರ ರಸ್ತೆಗೆ ಹೋಗಲಿ. ರಸ್ತೆಯಲ್ಲಿ ಹೂತ ಬೂದಿ ಮತ್ತೆ ಹೊಲಕ್ಕೆ ಬರುವುದಿಲ್ಲ.

ಹಾರುಬೂದಿಯ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಭಾರತದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಶೇಕಡಾ 30ರಿಂದ 45. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ, ವಿಜಯಪುರದ ಕೂಡಗಿ, ಕರಾವಳಿಯಲ್ಲಿ ಉಡುಪಿ ಜಿಲ್ಲೆಯ ಎಲ್ಲೂರು – ಕಲ್ಲಿದ್ದಲು ಉರಿಸುವ ಎಲ್ಲ ಸ್ಥಾವರಗಳೂ ಬೂದಿಯನ್ನು ಎಲ್ಲಿಗಾದರೂ ಕಳುಹಿಸಲೇಬೇಕು. ಹಾರುಬೂದಿಯ ಬಳಕೆಯ ಬಗ್ಗೆ ಕೇಂದ್ರ ಸರ್ಕಾರದ ಮೊದಲ ಅಧಿಸೂಚನೆ 1999ರ ಸೆಪ್ಟೆಂಬರಿನಲ್ಲಿ ಬಂತು. 2021ರ ಡಿಸೆಂಬರ್ 31ರ ಅಧಿಸೂಚನೆಯಂತೆ ಸ್ಥಾವರದ 300 ಕಿಲೋಮೀಟರ್ ವ್ಯಾಪ್ತಿಯ ರಸ್ತೆ ಮುಂತಾದ ಕಾಮಗಾರಿಗಳು ಬೂದಿಯನ್ನು ಬಳಸಬೇಕಾಗಿದೆ. ಭೂಪಟದಲ್ಲಿ ಕುಡತಿನಿಯಿಂದ ಅಳೆದರೆ ಶಿರಸಿಯೂ ತೀರ್ಥಹಳ್ಳಿಯೂ ಈ ವೃತ್ತದೊಳಗೆ ಬೀಳುತ್ತವೆ. ಬಯಲಿನ ಎರೆಮಣ್ಣಿನ ಹೆಸರಿನಲ್ಲಿ ಆರಂಭವಾದ ಬೂದಿಯ ಪಯಣ ಮಲೆಯ ಹಳ್ಳದ ದಂಡೆಯವರೆಗೂ ಬರಬಹುದು.

ಹಾರುಬೂದಿ ಮಣ್ಣಿಗೆ ಉಪಕಾರಿಯೇ ಎಂದರೆ, ಸುಣ್ಣದ ಜೊತೆಗೆ ಹೌದು. ನಮ್ಮ ಬೂದಿಯಲ್ಲಿ ಸ್ವಂತ ಸುಣ್ಣ ಕಡಿಮೆಯಾದ್ದರಿಂದ ಬರಿಯ ಬೂದಿ ಹೆಚ್ಚಿನ ಕೆಲಸ ಮಾಡದು. ಆದರೆ ಅದರೊಳಗೆ ಆರ್ಸೆನಿಕ್, ಸೆಲೆನಿಯಂ, ಕ್ರೋಮಿಯಂ, ಸೀಸಗಳು ಅಲ್ಪ ಪ್ರಮಾಣದಲ್ಲಿರುತ್ತವೆ. ಬಿಗಿಯಾಗಿ ತುಳಿಸಿ, ಮೇಲೆ ನೀರಿಳಿಯದ ಹೊದಿಕೆ ಹಾಕಿ, ಒಣನಾಡಿನಲ್ಲಿ ಬಳಸಿದಾಗ ಅಪಾಯ ಕಡಿಮೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವಲ್ಲಿ, ರಸ್ತೆಯ ಬದಿಯಲ್ಲಿಯೇ ಒರತೆ ಏಳುವಲ್ಲಿ, ಆ ಮಾತು ನಿಲ್ಲದು. ಕ್ಷಾರದಲ್ಲಿ ವಿಷಗಳೆಲ್ಲ ಕಟ್ಟಿಬೀಳುತ್ತವೆಂದು ಹೇಳುವವರಿದ್ದಾರೆ. ಸೀಸದ ಮಟ್ಟಿಗೆ ಬಹುಪಾಲು ಸರಿ, ಆದರೆ ಸೆಲೆನಿಯಂ, ಕ್ರೋಮಿಯಂಗಳ ಕೆಲವು ರೂಪಗಳು ಕ್ಷಾರದಲ್ಲಿಯೇ ಹೆಚ್ಚು ಚಲಿಸುತ್ತವೆ. ಮೇಲಾಗಿ ಗುಡ್ಡದ ಮಣ್ಣು ಹಿಗ್ಗುವುದೇ ಇಲ್ಲ. ಇಲ್ಲದ ರೋಗಕ್ಕೆ ಬೂದಿಯ ಔಷಧಿ ಏತಕ್ಕೆ? ಒರತೆ, ಹಳ್ಳ, ಬಾವಿಗಳ ಸಮೀಪದ ಕಾಮಗಾರಿಗೆ ಹಾರುಬೂದಿ ಬೇಡವೆಂದು ಗ್ರಾಮಸಭೆಯಲ್ಲಿ ಬರೆಯಿಸುವುದು ತಪ್ಪಲ್ಲ.

ಬಾಟಲಿ, ಕ್ಯಾನುಗಳಲ್ಲಿ ಬರುವ ಮಣ್ಣುಗಟ್ಟಿಸುವ ದ್ರಾವಣಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ಕಿಣ್ವ, ಪಾಲಿಮರ್ ಎಂಬ ಹೆಸರುಗಳಿರುತ್ತವೆ, ಒಳಗೇನಿದೆಯೆಂಬುದು ಗುಟ್ಟಾಗಿರುತ್ತದೆ. ಒಂದು ಮಣ್ಣಿನಲ್ಲಿ ಫಲಿಸಿದ್ದು ಇನ್ನೊಂದರಲ್ಲಿ ಫಲಿಸಿಲ್ಲ. ಒಳಗಿರುವುದೇನೆಂದು ಬರೆದುಕೊಡದವರ ದ್ರಾವಣವನ್ನು ಊರಿನ ನೆಲಕ್ಕೆ ಸುರಿಯಗೊಡಬಾರದು.

ಎಲ್ಲಕ್ಕಿಂತ ಅಗ್ಗದ ಪರಿಹಾರವೊಂದು ಮರೆತುಹೋಗಿದೆ: ಚರಂಡಿ. ಎರೆಮಣ್ಣು ಕೆಡಿಸುವುದು ತೇವದಿಂದಲ್ಲ, ತೇವದ ಏರಿಳಿತದಿಂದ. ರಸ್ತೆಯ ಎರಡೂ ಬದಿ ನೀರು ನಿಲ್ಲದಂತೆ ಹರಿದುಹೋದರೆ, ರಸ್ತೆಯನ್ನು ಹೊಲಕ್ಕಿಂತ ಎತ್ತರಿಸಿದರೆ ಅರ್ಧ ಕಾಟ ತಪ್ಪುತ್ತದೆ. ಅಂದಾಜುಪಟ್ಟಿಯಲ್ಲಿ ಚರಂಡಿ ಇರುತ್ತದೆ, ನೆಲದ ಮೇಲೆ ಎಷ್ಟೋ ಕಡೆ ಇರುವುದಿಲ್ಲ. ಇನ್ನೊಂದು ಮಾತು ಪರಿಸರದವರಿಗೇ ಸ್ವಲ್ಪ ಕಹಿಯಾದೀತು: ಎರೆಭೂಮಿಯಲ್ಲಿ ರಸ್ತೆಗೂ ಮನೆಗೂ ತೀರ ಒತ್ತಿ ದೊಡ್ಡ ಮರ ನೆಡಬಾರದು. ಬೇಸಿಗೆಯಲ್ಲಿ ಬೇರು ಅಡಿಯ ತೇವವನ್ನು ಹೀರಿ ನೆಲ ಕುಗ್ಗಿ, ಗೋಡೆಯೂ ರಸ್ತೆಯಂಚೂ ಸೀಳುತ್ತವೆ. ಮರ ಬೆಳೆಯುವ ಎತ್ತರದಷ್ಟು ಅಂತರ ಬಿಟ್ಟು ನೆಟ್ಟರೆ ಎರಡೂ ಉಳಿಯುತ್ತವೆ.

ಗದಗ ಜಿಲ್ಲೆಯ ಕಪ್ಪತಗುಡ್ಡದ ಉದಾಹರಣೆ ಎಲ್ಲರಿಗೂ ತಿಳಿದದ್ದು. ಸುತ್ತಲೂ ಎರೆಭೂಮಿ, ನಡುವೆ ಔಷಧಿ ಸಸ್ಯಗಳ ಗುಡ್ಡಸಾಲು. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಣೆಯಾಯಿತು, 2016ರಲ್ಲಿ ಸರ್ಕಾರ ಅದನ್ನು ಹಿಂದೆಗೆದುಕೊಂಡಿತು, ಜನರ ಹೋರಾಟದ ತರುವಾಯ 2017ರಲ್ಲಿ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅಲ್ಲಿಯ ಹೋರಾಟ ಮುಖ್ಯವಾಗಿ ಅದಿರಿನ ಗಣಿಯ ವಿರುದ್ಧವಾಗಿತ್ತು. ಆದರೆ ಗುಡ್ಡಕ್ಕೆ ಕಾಯ್ದೆಯ ಬೇಲಿ ಬಿದ್ದಮೇಲೂ ಸುತ್ತಲಿನ ಬಯಲಿಗೆ ರಸ್ತೆ ಬೇಕೇ ಬೇಕು. ಆ ಬೇಡಿಕೆಗೆ ಬೇರೆ ಉತ್ತರ ಸಿಗದಿದ್ದರೆ ಅದು ಬೇಲಿಯ ಹೊರಗಿನ ಮತ್ತೊಂದು ಅನಾಮಿಕ ಗುಡ್ಡವನ್ನು ಹುಡುಕಿಕೊಂಡು ಹೋಗುತ್ತದೆ. ಬೇಡವೆನ್ನುವವರ ಕೈಯಲ್ಲಿ ಪರ್ಯಾಯದ ಲೆಕ್ಕವೂ ಇರಬೇಕಾದುದು ಇದಕ್ಕಾಗಿ. ಗರಸಿಗೆ ಪರವಾನಗಿ ಕೇಳಿ ಬಂದಾಗ, ರಸ್ತೆ ಹೋಗುವ ನೆಲದ ಮಣ್ಣಿನ ಪರೀಕ್ಷಾ ವರದಿ ಎಲ್ಲಿ, ಸುಣ್ಣದಿಂದ ಪಳಗಿಸುವ ಅಂದಾಜು ಮಾಡಿದ್ದೀರಾ, ಮಾಡಿಲ್ಲವಾದರೆ ಏಕೆ ಎಂದು ಕೇಳುವ ಹಕ್ಕು ಗುಡ್ಡದ ಪಂಚಾಯಿತಿಗೆ ಇದೆ. ರಸ್ತೆಯುದ್ದಕ್ಕೂ ಬೇಡ, ಕೆಟ್ಟು ಕುಸಿಯುವ ತುಣುಕುಗಳಿಗಷ್ಟೇ ಸುಣ್ಣ ಸಾಕೆಂಬ ಸ್ಥಿತಿಯೂ ಎಷ್ಟೋ ಕಡೆ ಇರುತ್ತದೆ.

ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಭಾರತೀಯ ಮಾನಕದಲ್ಲಿಯೂ ಸೇರಿರುವಂತಹುದು. ಮಣ್ಣನ್ನು ಒಣಗಿಸಿ, ಪುಡಿಮಾಡಿ, ನಯವಾದ ಜರಡಿಯಲ್ಲಿ ಸೋಸಿ, 10 ಗ್ರಾಮಿನ ಎರಡು ಪಾಲು ತೆಗೆದುಕೊಳ್ಳಬೇಕು. 100 ಮಿಲಿಲೀಟರಿನ ಎರಡು ಗಾಜಿನ ಅಳತೆ ಕೊಳವೆಗಳಲ್ಲಿ ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ, ಒಂದೊಂದು ಪಾಲು ಹಾಕಿ, ಗಾಳಿಗುಳ್ಳೆ ಹೋಗುವಂತೆ ಕಲಕಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲ. ಅಲ್ಲಿ ಮಣ್ಣು 10 ಮಿಲಿಲೀಟರ್ ಮಟ್ಟಕ್ಕೂ ನೀರಿನಲ್ಲಿ 18ಕ್ಕೂ ನಿಂತರೆ ಹಿಗ್ಗು ಶೇಕಡಾ 80. ಶೇಕಡಾ 50ರೊಳಗಿದ್ದರೆ ಮಣ್ಣು ಸಾಧು, 100 ದಾಟಿದರೆ ಅಪಾಯಕಾರಿ, 200 ಮೀರಿದರೆ ತೀವ್ರ. ಬಯಲಿನ ನೆಂಟರ ಊರಿನಿಂದ ಒಂದು ಚೀಲ ಎರೆಮಣ್ಣು, ಸ್ವಂತ ಊರಿನ ಗುಡ್ಡದಿಂದ ಒಂದು ಚೀಲ ಗರಸು ತಂದು ಅಕ್ಕಪಕ್ಕ ಇಟ್ಟು ನೋಡಬೇಕು. ಆಮೇಲೆ ಅದೇ ಎರೆಮಣ್ಣಿಗೆ ಶೇಕಡಾ 4 ಅರಳಿದ ಸುಣ್ಣ ಬೆರೆಸಿ, ತೇವ ಆರದಂತೆ ಗೋಣಿತಾಟು ಮುಚ್ಚಿ ಏಳು ದಿನ ಇಟ್ಟು, ಒಣಗಿಸಿ, ಮತ್ತೊಮ್ಮೆ ಕೊಳವೆಗೆ ಹಾಕಬೇಕು. ಮೂರೂ ಕೊಳವೆಗಳ ಅಳತೆಯನ್ನು ಒಂದು ಹಾಳೆಯಲ್ಲಿ ಬರೆದು, ಮಣ್ಣು ತೆಗೆದ ಜಾಗ, ಆಳ, ದಿನಾಂಕ ನಮೂದಿಸಿ, ಮುಂದಿನ ಗ್ರಾಮಸಭೆಗೆ ಬರುವಾಗ ಜೊತೆಗೆ ತರಬೇಕು.